ಹಿಡಿಯದ ಕೈಯನ್ನು ಬಿಡಿಸಿಕೊಳ್ಳುವ ಕಲೆ

ಕೋಲಾರವಾಗಲಿ, ಮಾಲೂರಾಗಲಿ, ಮಗುವನ್ನು ಕರಾಟೆಗೆ ಯಾಕೆ ಸೇರಿಸಿದಿರಿ ಎಂದರೆ ಎರಡು ಉತ್ತರ ಸಿದ್ಧವಿರುತ್ತವೆ. ಶಿಸ್ತು ಬರುತ್ತದೆ, ಹೆಣ್ಣುಮಗುವಾದರೆ ತನ್ನನ್ನು ತಾನು ಕಾಪಾಡಿಕೊಳ್ಳುತ್ತದೆ. ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಶಾಲೆಯ ಮೈದಾನದಲ್ಲೋ ಬಾಡಿಗೆ ಹಾಲ್‌ನಲ್ಲೋ ನಡೆಯುವ ತರಗತಿಗಳ ಮಾಸ್ಟರುಗಳೂ ಇದನ್ನೇ ಹೇಳುತ್ತಾರೆ. ಎರಡನೆಯ ಉತ್ತರ ಮಿತಿಮೀರಿ ಉಬ್ಬಿದ್ದು. ಮೊದಲನೆಯದು ನಿಜವಾಗಬಲ್ಲದು, ಆದರೆ ಅದಕ್ಕೆ ಬೇಕಾದಷ್ಟು ಕಾಲವನ್ನು ಕೊಡಲು ಯಾರೂ ತಯಾರಿಲ್ಲ.

ಕರಾಟೆ ಒಕಿನಾವಾದಿಂದ ಹೊರಟು ಲೋಕ ಸುತ್ತಿದ ಕಥೆ ಗೊತ್ತಿರುವುದೇ. ಇಲ್ಲಿ ಒಂದೇ ಕಟಾ, ಅಂದರೆ ಒಂಟಿಯಾಗಿ ಮಾಡುವ ಚಲನೆಗಳ ಒಂದು ನಿಗದಿತ ಸರಣಿ, ನೋಡಿದರೆ ಸಾಕು: ಶೋಟೊಕಾನ್ ಶಾಖೆಯಲ್ಲಿ ಮಕ್ಕಳಿಗೆ ಮೊದಲು ಹೇಳಿಕೊಡುವ, 21 ಚಲನೆಗಳ ಹೆಯಾನ್ ಶೋದಾನ್. ಇದು ಗುಹೆಯಲ್ಲಿ ಋಷಿಗಳಿಗೆ ಹೊಳೆದದ್ದಲ್ಲ. ಅಂಕೋ ಇತೊಸು 20ನೇ ಶತಮಾನದ ಆರಂಭದಲ್ಲಿ ಒಕಿನಾವಾದ ಶಾಲಾ ಮಕ್ಕಳಿಗಾಗಿ ರೂಪಿಸಿದ ಐದು ಪಾಠಗಳಲ್ಲಿ ಒಂದು. ಅವರ ಸಾಲಿನಲ್ಲಿ ಎರಡನೆಯದಾಗಿದ್ದ ಇದನ್ನು ಶಿಷ್ಯ ಗಿಚಿನ್ ಫುನಾಕೋಶಿ ಮೊದಲನೆಯದಾಗಿಸಿದರು.

ಎಡಕ್ಕೆ ತಿರುಗಿ ಕೆಳಗಿನ ತಡೆ. ಒಂದು ಹೆಜ್ಜೆ ಮುಂದಿಟ್ಟು ಗುದ್ದು. ಹಿಂದಕ್ಕೆ ತಿರುಗಿ ಮತ್ತೆ ಕೆಳಗಿನ ತಡೆ. ಇಲ್ಲಿಯವರೆಗೆ ಎಲ್ಲ ಸರಳ. ನಾಲ್ಕನೆಯ ಚಲನೆಯಲ್ಲಿ ಲಯ ಮುರಿಯುತ್ತದೆ. ಮುಂದಿದ್ದ ಬಲಗಾಲನ್ನು ಅರ್ಧ ಹಿಂದಕ್ಕೆಳೆದು, ಮೈಯನ್ನು ತುಸು ಎತ್ತಿ, ಬಲಗೈಯನ್ನು ತಲೆಯ ಎತ್ತರಕ್ಕೆ ಬಳಸಿ ತಂದು, ಮುಷ್ಟಿಯ ಬದಿಯಿಂದ ಮೇಲಿನಿಂದ ಕೆಳಕ್ಕೆ ಹೊಡೆಯಬೇಕು. ಇಡೀ ಕಟಾದಲ್ಲಿ ಮುಂದಿಟ್ಟ ಕಾಲು ಹೀಗೆ ಹಿಂದೆ ಸರಿದು ಮತ್ತೆ ಮುಂದೆ ಬರುವುದು ಇಲ್ಲೊಂದು ಕಡೆ ಮಾತ್ರ.

ಯಾಕೆ? ಸಾಮಾನ್ಯವಾಗಿ ಕೊಡುವ ವಿವರಣೆ ಇದು: ಎದುರಾಳಿ ನಿಮ್ಮ ಮಣಿಕಟ್ಟು ಹಿಡಿದಿದ್ದಾನೆ. ಕಾಲು ಹಿಂದೆ ಸರಿಯುವುದು ತೋಳಿನ ಎಳೆತಕ್ಕೆ ಮೈಭಾರವನ್ನೂ ಸೇರಿಸಲು. ಕೈ ಸುತ್ತು ಬರುವುದು ಅವನ ಹಿಡಿತ ಸಡಿಲವಿರುವ ಕಡೆಗೆ, ಹೆಬ್ಬೆರಳಿನ ಬದಿಗೆ, ಜಾರಿಕೊಳ್ಳಲು. ಬಿಡಿಸಿಕೊಂಡ ಕೈಯೇ ಹೊಡೆಯುವ ಕೈ. ಎಂಟು ವರ್ಷದ ಮಗುವಿಗೂ ಅರ್ಥವಾಗುವ, ಅದರ ಮೈಗೆ ದಕ್ಕುವ ವಿದ್ಯೆ.

ಈಗ ತರಗತಿಯಲ್ಲಿ ಏನಾಗುತ್ತದೆ ನೋಡಿ. ಮಕ್ಕಳು ಸಾಲಾಗಿ ನಿಂತಿದ್ದಾರೆ. ಮಾಸ್ಟರು ಇಚಿ, ನಿ, ಸಾನ್, ಶಿ ಎಂದು ಒಂದೇ ಅಳತೆಯಲ್ಲಿ ಎಣಿಸುತ್ತಾರೆ. ಎಣಿಕೆ ಸಮವಾದ್ದರಿಂದ ನಾಲ್ಕನೆಯ ಚಲನೆಯೂ ಉಳಿದವುಗಳಷ್ಟೇ ಉದ್ದವಾಗುತ್ತದೆ. ಮುರಿಯಬೇಕಾದ ಲಯ ಮುರಿಯುವುದಿಲ್ಲ. ಕಾಲು ನಾಮಕಾವಸ್ತೆ ಕದಲುತ್ತದೆ, ಕೈ ಗಾಳಿಯಲ್ಲಿ ಸುತ್ತುತ್ತದೆ. ಮಗುವಿನ ತಪ್ಪಲ್ಲ. ಅದರ ಕೈಯನ್ನು ಯಾರೂ ಹಿಡಿದಿಲ್ಲವಲ್ಲ! ಯಾರೂ ಹಿಡಿಯದ ಕೈಯನ್ನು ಬಿಡಿಸಿಕೊಳ್ಳುವುದು ಹೇಗೆ? ಬೆಲ್ಟ್ ಟೆಸ್ಟಿನಲ್ಲೂ ನೋಡುವುದು ಮುಷ್ಟಿ ನಿಂತ ಎತ್ತರ, ಮಂಡಿ ಬಾಗಿದ ಕೋನ. ಹೀಗೆ ಮಗು ಒಂದರ ಮೇಲೊಂದು ಬೆಲ್ಟ್ ದಾಟುತ್ತದೆ, ಆ ಚಲನೆ ಮಾತ್ರ ಅದಕ್ಕೆ ಕವಾಯತಾಗಿಯೇ ಉಳಿಯುತ್ತದೆ.

ಸರ್ಕಾರಿ ಶಾಲೆಗಳ ಹೆಣ್ಣುಮಕ್ಕಳಿಗಿರುವ ರಾಣಿ ಲಕ್ಷ್ಮೀಬಾಯಿ ಆತ್ಮರಕ್ಷಣಾ ತರಬೇತಿಯ ದೋಷ ಇದಕ್ಕೆ ತಿರುವುಮುರುವು. ಕೈ ಬಿಡಿಸಿಕೊಳ್ಳುವುದನ್ನು ಜೊತೆಗಾತಿಯಿಂದ ಹಿಡಿಸಿಯೇ ಕಲಿಸಲು ಅಲ್ಲಿ ಅವಕಾಶವಿದೆ. ಆದರೆ ಸಮಗ್ರ ಶಿಕ್ಷಣದ ಲೆಕ್ಕದಲ್ಲಿ ಶಾಲೆಗೆ ತಿಂಗಳಿಗೆ 5,000 ರೂಪಾಯಿ, ಅದೂ 3 ತಿಂಗಳಿಗೆ. ಮೈಗೆ ಹತ್ತುವ ಮೊದಲೇ ತರಬೇತಿ ಮುಗಿದಿರುತ್ತದೆ. ಇನ್ನು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ವರ್ಷವರ್ಷವೂ ಹೇಳುತ್ತ ಬಂದಿರುವುದು, ಅತ್ಯಾಚಾರ ಪ್ರಕರಣಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಆರೋಪಿಗಳು ಸಂತ್ರಸ್ತೆಗೆ ಪರಿಚಿತರು ಎಂದು. ಕತ್ತಲ ಓಣಿಯಲ್ಲಿ ಎದುರಾಗುವ ಅಪರಿಚಿತನಿಗಾಗಿ ಕಲಿತ ಹೊಡೆತ, ಮನೆಗೆ ಬಂದುಹೋಗುವ ಮಾವನ ಮುಂದೆ ಎಷ್ಟು ಏಳುತ್ತದೆ? ಹಿರಿಯರು ಹೇಳಿದ್ದಕ್ಕೆಲ್ಲ ‘ಒಸ್’ ಎಂದು ತಲೆಬಾಗಿಸುವ ಅಭ್ಯಾಸವನ್ನೇ ಶಿಸ್ತು ಎಂದು ಕಲಿಸುವ ತರಗತಿ ಈ ಪ್ರಶ್ನೆಯ ಹತ್ತಿರಕ್ಕೂ ಸುಳಿಯುವುದಿಲ್ಲ.

ಈ ಮಾತಿಗೆ ತಕ್ಷಣ ತಲೆದೂಗುವವರು ನಮ್ಮ ದೇಶೀಯವಾದಿ ವಿಮರ್ಶಕರು. ಗರಡಿ ಇರುವಾಗ ಜಪಾನಿನ ಬಿಳಿ ಬಟ್ಟೆ ಯಾಕೆ ಎನ್ನುವ ಇವರ ಬೆಂಬಲ ನನಗೆ ಬೇಡ. ಕಂಚಿಯ ಬೋಧಿಧರ್ಮ ಚೀನಾಕ್ಕೆ ಹೋಗಿ ಕಲಿಸಿದ, ಹಾಗಾಗಿ ಕರಾಟೆಯೂ ನಮ್ಮದೇ ಎಂಬುದು ಇವರ ಇನ್ನೊಂದು ವಾದ. 2011ರಲ್ಲಿ ‘ಏಳಾಂ ಅರಿವು’ ಚಿತ್ರ ಬಂದ ಮೇಲೆ ತಮಿಳು, ತೆಲುಗು ಸಿನಿಮಾ ನೋಡುವ ನಮ್ಮ ಗಡಿಸೀಮೆಯಲ್ಲಿ ಇದು ಚರಿತ್ರೆಯೇ ಆಗಿಬಿಟ್ಟಿದೆ. ಆ ಕಥೆಗೆ ಆಧಾರವೆನ್ನುವ ವ್ಯಾಯಾಮ ಗ್ರಂಥ ಬೋಧಿಧರ್ಮನಿಗಿಂತ ಸಾವಿರ ವರ್ಷ ಈಚಿನದು ಎಂದು ಚೀನೀ ವಿದ್ವಾಂಸರೇ ತೋರಿಸಿ ಬಹಳ ಕಾಲವಾಯಿತು. ನಮ್ಮದು ಎಂದು ಹೇಳಿಕೊಳ್ಳಲು ಇಷ್ಟು ಕಷ್ಟಪಡುವವರು, ನಮ್ಮ ಗರಡಿಯ ಮಟ್ಟಿಗೆ ಹೆಣ್ಣುಮಕ್ಕಳನ್ನು ಇಳಿಸುತ್ತಿರಲಿಲ್ಲ ಎಂಬುದನ್ನು ಮಾತ್ರ ಹೇಳುವುದಿಲ್ಲ. ತಾಲ್ಲೂಕು ಊರಿನ ಹುಡುಗಿಗೆ ಸಂಜೆ ಮೈದಾನದಲ್ಲಿ ಕಾಲು ಅಗಲಿಸಿ ನಿಂತು ಗಟ್ಟಿಯಾಗಿ ಕೂಗಲು ಸಂದು ಸಿಕ್ಕಿದ್ದು ಈ ಪರದೇಶದ ಬಟ್ಟೆಯಲ್ಲೇ.

ಗರಡಿಯಿಂದ ಕಲಿಯಬೇಕಾದ್ದು ಬೇರೆಯೇ ಇತ್ತು. ಅಲ್ಲಿ ಪ್ರತಿದಿನ ಕೈಗೆ ಇನ್ನೊಂದು ಮೈ ಸಿಗುತ್ತಿತ್ತು. ದಂಡ, ಬಸ್ಕಿ ಮುಗಿಸಿದ ಹುಡುಗನನ್ನು ಉಸ್ತಾದರು ಇನ್ನೊಬ್ಬನ ಮೇಲೆ ಬಿಡುತ್ತಿದ್ದರು. ಹಿಡಿತ ಎಂದರೇನೆಂದು ಅವನ ಮೈಗೆ ಗೊತ್ತಾಗುತ್ತಿತ್ತು. ನಮ್ಮ ದೇಶೀಯವಾದಿಗಳು ಗರಡಿಯ ಕುಲಗೋತ್ರ ಹೊಗಳುತ್ತಾರೆ, ಪಾಠ ಬಿಡುತ್ತಾರೆ. ಕಟಾ ಬರೀ ಕುಣಿತ ಎಂದು ಪಂಜರದ ಕಾಳಗದ ವಿಡಿಯೊ ತೋರಿಸುವ ಹುಡುಗರದು ಇನ್ನೊಂದು ಪಂಗಡ. ಕಟಾದಿಂದ ಯಾರನ್ನೂ ಹೊಡೆದುರುಳಿಸಲಾಗದು ಎಂಬ ಮಾತು ಸರಿ. ಆದರೆ ಇತೊಸು ಅದನ್ನು ಶಾಲೆಗೆ ತಂದದ್ದು ಮಕ್ಕಳ ಮೈ ಕಟ್ಟಲು.

ಹಾಗೆ ಮೈ ಕಟ್ಟಲು ಎಷ್ಟು ಕಾಲ ಬೇಕೆಂದು ಅವರೇ 1908ರ ಪತ್ರದಲ್ಲಿ ಹೇಳಿದ್ದಾರೆ: ದಿನಕ್ಕೆ ಒಂದೆರಡು ಗಂಟೆ, ಮೂರು ನಾಲ್ಕು ವರ್ಷ. ದಿನಕ್ಕೆ ಒಂದೇ ಗಂಟೆ ಎಂದರೂ ಮೂರು ವರ್ಷಕ್ಕೆ ಸಾವಿರ ಗಂಟೆ ದಾಟುತ್ತದೆ. ವಾರಕ್ಕೆ ಎರಡು ತರಗತಿಯ ಲೆಕ್ಕದಲ್ಲಿ ಅದೇ ಮೂರು ವರ್ಷಕ್ಕೆ ಸುಮಾರು 300. ಅದರಲ್ಲಿ ಪರೀಕ್ಷೆ, ಹಬ್ಬ, ಮಳೆ ಕಳೆಯಿರಿ. ಒಂಬತ್ತನೇ ತರಗತಿಗೆ ಬಂದಕೂಡಲೇ ಎಸ್ಸೆಸ್ಸೆಲ್ಸಿ ಟ್ಯೂಷನ್ ಎಂದು ಬಿಡಿಸುವುದನ್ನೂ ಕಳೆಯಿರಿ. ಈ ಕೊರತೆಯನ್ನು ತುಂಬುವುದು ಬೆಲ್ಟ್. ಅದೂ ಪ್ರಾಚೀನವಲ್ಲ: ಜೂಡೋದಿಂದ ಎರವಲು ಪಡೆದು ಫುನಾಕೋಶಿ ಮೊದಲ ಕಪ್ಪು ಬೆಲ್ಟುಗಳನ್ನು ಕೊಟ್ಟದ್ದು 1924ರಲ್ಲಿ, ಬಣ್ಣಗಳ ಉದ್ದ ಸಾಲು ಬೆಳೆದದ್ದು ಜೂಡೋ ಯುರೋಪಿಗೆ ಹೋದ ಮೇಲೆ. ಕೆಲವು ತಿಂಗಳಿಗೊಮ್ಮೆ ಬಣ್ಣ ಬದಲಾದರೆ ಅಪ್ಪ ಅಮ್ಮನಿಗೆ ಕೊಟ್ಟ ಫೀಸು ಕಣ್ಣಿಗೆ ಕಾಣುತ್ತದೆ. ಒಂದೇ ಚಲನೆಯನ್ನು ಬೇಸರವಾದ ಮೇಲೂ ಮಾಡುವುದರಿಂದ ಬರುವ ಗಟ್ಟಿತನ ಹಾಗೆ ಕಾಣುವುದಿಲ್ಲ, ಅದರ ಫೋಟೊ ತೆಗೆಯಲೂ ಆಗುವುದಿಲ್ಲ.

ಮಕ್ಕಳನ್ನು ಸೇರಿಸಬೇಡಿ ಎನ್ನುತ್ತಿಲ್ಲ. ಸೇರಿಸುವುದಾದರೆ ಮೂರು ವರ್ಷ ಬಿಡಿಸುವುದಿಲ್ಲ ಎಂದು ಮೊದಲೇ ತೀರ್ಮಾನಿಸಿ. ನಾಲ್ಕನೆಯ ಚಲನೆ ಬಂದಾಗ ಮಗುವಿನ ಕೈಯನ್ನು ಇನ್ನೊಂದು ಮಗುವಿನಿಂದ ಹಿಡಿಸುತ್ತೀರಾ ಎಂದು ಮಾಸ್ಟರನ್ನು ಕೇಳಿ. ಎರಡೂ ಆಗದಿದ್ದರೆ ಖೊಖೊಗೆ ಕಳಿಸಿ. ಅಲ್ಲಿ ಟೆಸ್ಟ್ ಫೀಸಿಲ್ಲ, ಬಣ್ಣಗಳಿಲ್ಲ. ಬೆನ್ನಟ್ಟಿ ಬರುವವರು, ತಪ್ಪಿಸಿಕೊಳ್ಳಲೇಬೇಕಾದ ಕೈಗಳು ದಿನವೂ ಇರುತ್ತವೆ.