ಇಪ್ಪತ್ತೆಂಟರ ಮುಪ್ಪು

ಬ್ರಿಟನ್ನಿನ ರಾಕ್ ತಂಡ ಜೆಥ್ರೊ ಟಲ್ ಮಾತು ಬಂದಲ್ಲೆಲ್ಲ ಒಂದು ತೀರ್ಪು ಸಿದ್ಧವಾಗಿರುತ್ತದೆ. 1972ರ ಆಲ್ಬಮ್ 'ಥಿಕ್ ಆ್ಯಸ್ ಎ ಬ್ರಿಕ್' ಶಿಖರ, 1977ರ 'ಸಾಂಗ್ಸ್ ಫ್ರಮ್ ದ ವುಡ್' ಮರುಹುಟ್ಟು, ನಡುವೆ 1976ರಲ್ಲಿ ಬಂದ 'ಟೂ ಓಲ್ಡ್ ಟು ರಾಕ್ ಆ್ಯಂಡ್ ರೋಲ್: ಟೂ ಯಂಗ್ ಟು ಡೈ!' ಎಡವಿದ ಹೆಜ್ಜೆ. ಆಲ್ಬಮ್ಮಿನ ಹೆಸರಿನದೇ ಹಾಡೊಂದನ್ನು ಇಟ್ಟುಕೊಂಡು ಮಿಕ್ಕದ್ದನ್ನು ಬಿಡಿ ಎನ್ನುತ್ತಾರೆ. ಇದನ್ನು ಕೇಳಿ ಕೇಳಿ ನನಗೆ ರೋಸಿಹೋಗಿದೆ. ಹೀಗೆನ್ನುವವರಲ್ಲಿ ಹೆಚ್ಚಿನವರು ಆ ರೆಕಾರ್ಡಿನ ಎರಡನೇ ಮಗ್ಗುಲನ್ನು ಕೊನೆತನಕ ಕೂತು ಕೇಳಿಲ್ಲವೆಂದೇ ನನ್ನ ನಂಬಿಕೆ.

ಮೊದಲ ಆಕ್ಷೇಪ, ಕಥೆ ತೆಳು ಎಂಬುದು. ಕಥಾನಾಯಕ, ಚರ್ಮದ ಜಾಕೆಟ್ಟಿನ, ಮೋಟರ್‌ಬೈಕಿನ ರೇ ಲೋಮಸ್‌ಗೆ ವಯಸ್ಸಾಗಿದೆ. ಜೊತೆಗಾರರು ಮದುವೆ, ಮಕ್ಕಳು, ಟೆನಿಸ್ ಕ್ಲಬ್ಬು ಎಂದು ದಡ ಸೇರಿದ್ದಾರೆ. ಟೀವಿ ಕ್ವಿಜ್‌ನಲ್ಲಿ ಗೆದ್ದ ಹಣವೂ ಅವನ ಕೈಹಿಡಿಯುವುದಿಲ್ಲ. ಹೆದ್ದಾರಿಯಲ್ಲಿ ಬೈಕು ಓಡಿಸಿ ಸಾಯಹೊರಟವನು ಆಸ್ಪತ್ರೆಯಲ್ಲಿ ಕಣ್ಣುಬಿಟ್ಟಾಗ ಅವನ ಹಳೆಯ ವೇಷವೇ ಮತ್ತೆ ಫ್ಯಾಷನ್ ಆಗಿರುತ್ತದೆ. ಕವರಿನೊಳಗಿನ ಚಿತ್ರಕಥೆಯ ಚಿತ್ರ ಬರೆದದ್ದು ಡೇವ್ ಗಿಬನ್ಸ್, ಮುಂದೆ 'ವಾಚ್‌ಮೆನ್' ಕಾಮಿಕ್ಸಿಗೆ ಚಿತ್ರ ಬರೆದವರು. ತೆಳು ನಿಜ. ಆದರೆ ಇದೇ ತಂಡದ ಇನ್ನೊಂದು ಆಲ್ಬಮ್ 'ಎ ಪ್ಯಾಷನ್ ಪ್ಲೇ'ಯ ಕಥೆ ತಲೆಬುಡ ತಿಳಿಯದಿದ್ದರೆ ಅದು ಆಳ, ಇಲ್ಲಿ ಮೊದಲ ಸಲಕ್ಕೇ ತಿಳಿದುಬಿಟ್ಟರೆ ಕೊರತೆ, ಇದು ಯಾವ ನ್ಯಾಯ?

ಎರಡನೆಯದು, ಇದರಲ್ಲಿ ಪ್ರೊಗ್ರೆಸಿವ್ ರಾಕ್ ಅನ್ನುವಂಥದ್ದೇ ಇಲ್ಲ, ಎಲ್ಲ ಬಿಡಿ ಹಾಡುಗಳು ಎಂಬುದು. ಆದರೆ ತಂಡದ ಹಾಡುಗಾರ ಇಯನ್ ಆ್ಯಂಡರ್ಸನ್ ಮತ್ತು ವಾದ್ಯಸಂಯೋಜನೆಯ ಡೀ ಪಾಮರ್ ಇದನ್ನು ರಂಗದ ಮೇಲಿನ ಸಂಗೀತನಾಟಕವಾಗಿ ಯೋಚಿಸಿದ್ದರು, ಹಾಡುಗಳು ಚಿಕ್ಕವಾದದ್ದು ಅದಕ್ಕೇ. ಇಪ್ಪತ್ತು ನಿಮಿಷ ಎಳೆದರಷ್ಟೇ ದೊಡ್ಡ ಸಂಗೀತ ಎಂದವರು ಯಾರು? ಮುದುಕರ ನೆನಪು ಮಹಾಕಾವ್ಯದಂತೆ ಬರುವುದಿಲ್ಲ. ತುಣುಕು ತುಣುಕಾಗಿ ಬರುತ್ತದೆ, ಹೇಳಿದ್ದನ್ನೇ ಹೇಳುತ್ತದೆ, ನಡುವೆ ನಿಲ್ಲುತ್ತದೆ.

'ಫ್ರಮ್ ಎ ಡೆಡ್ ಬೀಟ್ ಟು ಆ್ಯನ್ ಓಲ್ಡ್ ಗ್ರೀಸರ್' ಕೇಳಿ. ಈ ಲೇಖನ ಬರೆಯುತ್ತಿರುವುದೇ ಈ ಹಾಡಿಗಾಗಿ. ಕಾಲ ಮೀರಿದ ಇಬ್ಬರು ಎದುರಾಗುತ್ತಾರೆ. ಒಬ್ಬ ಬೀಟ್ ಪೀಳಿಗೆಯಲ್ಲಿ ಉಳಿದುಹೋದವನು, ಚಾರ್ಲಿ ಪಾರ್ಕರ್, ಕೆರುವಾಕ್, ಮಾಗ್ರಿಟ್ ಅವನ ದೇವರುಗಳು. ಇನ್ನೊಬ್ಬ ನಮ್ಮ ಗ್ರೀಸರ್, ಚರ್ಮದ ಜಾಕೆಟ್ಟಿನ ಬೈಕಿನವನು. ಅವನ ಯೌವನ ಇವನದಲ್ಲ, ಇವನ ದೇವರು ಅವನದಲ್ಲ. ಆದರೂ ಒಬ್ಬರನ್ನೊಬ್ಬರು ಗುರುತಿಸುತ್ತಾರೆ. ಆ್ಯಂಡರ್ಸನ್ ಇಲ್ಲಿ ದನಿ ಏರಿಸುವುದೇ ಇಲ್ಲ. ಆಮೇಲೆ ಪಾಮರ್ ಅವರ ಸ್ಯಾಕ್ಸೊಫೋನ್ ಬರುತ್ತದೆ. ಅದರಲ್ಲಿ ಕಸರತ್ತಿಲ್ಲ, ರಾತ್ರಿ ಅಂಗಡಿ ಮುಚ್ಚುವ ಹೊತ್ತಿನ ದಣಿವಿದೆ. ಆ ದಶಕದ ಇಡೀ ಪ್ರೊಗ್ ರಾಕ್‌ನಲ್ಲಿ ಇಷ್ಟು ಮನುಷ್ಯರ ಹತ್ತಿರ ಬಂದ ಹಾಡು ನನಗೆ ಇನ್ನೊಂದು ಸಿಕ್ಕಿಲ್ಲ.

ಇದನ್ನು ಹಾಡಿದಾಗ ಆ್ಯಂಡರ್ಸನ್‌ಗೆ 28 ವರ್ಷ. 28ರ ಹುಡುಗನಿಗೆ ಮುಪ್ಪೇನು ಗೊತ್ತು ಎಂದು ಕೇಳುವವರಿದ್ದಾರೆ. ಆಲ್ಬಮ್ಮಿನದು ತನ್ನ ಕಥೆಯಲ್ಲವೆಂದು ಆ್ಯಂಡರ್ಸನ್ ಹೇಳುತ್ತಲೇ ಬಂದಿದ್ದಾರೆ; ಇದು ಹೋದ ಫ್ಯಾಷನ್ ತಿರುಗಿ ಬರುವುದರ ಕಥೆ. ಮಂಡಿ ನೋಯುವ ಮೊದಲೇ, ಕೂದಲು ನರೆಯುವ ಮೊದಲೇ ಬರುವ ಮುಪ್ಪೊಂದಿದೆ: ಪೇಟೆ ನಿಮ್ಮನ್ನು ಮರೆತ ದಿನ ಬರುವ ಮುಪ್ಪು. ಆಲ್ಬಮ್ ಬಂದ ವರ್ಷವೇ ಲಂಡನ್ನಿನಲ್ಲಿ ಪಂಕ್ ತಲೆಯೆತ್ತಿ ಈ ಇಡೀ ಪ್ರೊಗ್ ಪಂಥವನ್ನೇ ಹಳಸಲು ಎಂದಿತು. ರೇ ಲೋಮಸ್‌ನ ಪಾಡು ಆಲ್ಬಮ್ಮಿಗೇ ಬಂತು.

ನನಗೆ ಸಿಟ್ಟು ಬರುವುದು ಈ ತೀರ್ಪನ್ನು ನಾವೂ ಕಣ್ಣುಮುಚ್ಚಿ ಒಪ್ಪಿದಾಗ. ಮಲ್ಲಿಕಾರ್ಜುನ ಮನ್ಸೂರರ ಎಪ್ಪತ್ತು ದಾಟಿದ ಕಂಠ ಕೇಳಿ ಮಾಗಿದೆ ಎಂದು ತಲೆದೂಗಿದ ನಾಡು ನಮ್ಮದು. ಅವರ ರಾಗದ ಮುಂದೆ ವಯಸ್ಸಿನ ಲೆಕ್ಕ ಯಾರೂ ಕೇಳಲಿಲ್ಲ. ಅದೇ ಕಿವಿ ರಾಕ್ ಎಂದೊಡನೆ ಎಳೆಯರ ಸೊತ್ತು ಎನ್ನುವುದೇಕೆ? ಟಲ್ ತಂಡ ಬೆಂಗಳೂರಿಗೂ ಬಂದು ನುಡಿಸಿಹೋಗಿದೆ. ಒಂಟಿಕಾಲಲ್ಲಿ ನಿಂತು ಕೊಳಲು ನುಡಿಸುವ ಆ್ಯಂಡರ್ಸನ್ನರನ್ನು ಆರಾಧಿಸುವ ಇಲ್ಲಿನ ಎಷ್ಟೋ ಅಭಿಮಾನಿಗಳಿಗೂ 'ಅಕ್ವಾಲಂಗ್' ಬಾಯಿಪಾಠ, ಈ ಆಲ್ಬಮ್ ಬರೀ ಹೆಸರು.

ಕೊನೆಯ ಹಾಡು 'ದ ಚೆಕರ್ಡ್ ಫ್ಲ್ಯಾಗ್'. ಪಂದ್ಯ ಮುಗಿದ ಬಾವುಟ ಬೀಳುತ್ತದೆ, ಕಿವಿ ಕೇಳದ ಸಂಗೀತಕಾರನೊಬ್ಬ ಕೊನೆಯ ಕೃತಿ ಮುಗಿಸುತ್ತಾನೆ. ಪಿಟೀಲುಗಳು ತುಂಬಿ ಬರುವಾಗ ನಾನು ಅವುಗಳ ಕೆಳಗಿನ ಬಾಸ್ ಗಿಟಾರನ್ನು ಹುಡುಕುತ್ತೇನೆ. ನುಡಿಸಿದ್ದು ಜಾನ್ ಗ್ಲಾಸ್ಕಾಕ್, ತಂಡಕ್ಕೆ ಆಗಷ್ಟೇ ಸೇರಿದ್ದವರು. ಟಲ್ ಜೊತೆ ಅವರ ಮೊದಲ ಆಲ್ಬಮ್ ಇದು. 1979ರ ನವೆಂಬರಿನಲ್ಲಿ ಹೃದಯದ ಕಾಯಿಲೆಯಿಂದ ತೀರಿಕೊಂಡರು. ಆಗ ಅವರಿಗೂ 28.