ರೈಲು ಕಂಪನಿ ಬಿಟ್ಟುಹೋದ ಕಮಾನುಗಳು

ನೂರಿಪ್ಪತ್ತು ವರ್ಷಗಳ ಹಿಂದೆ ನಮ್ಮ ದಿಗ್ಗೇವಾಡಿ ಕಡೆಯ ಹುಡುಗ ಕಾಲೇಜು ಓದಬೇಕೆಂದರೆ ರಾಯಬಾಗದಲ್ಲೋ ಚಿಂಚಲಿಯಲ್ಲೋ ಮಿರಜ ಕಡೆಯ ಗಾಡಿ ಹತ್ತಬೇಕಿತ್ತು. ಕುಡಚಿಯ ಆಚೆ ಕೃಷ್ಣೆ ದಾಟಿ ಕೊಲ್ಹಾಪುರದ ರಾಜಾರಾಮ ಕಾಲೇಜಿಗೆ, ಇಲ್ಲವೆಂದರೆ ದೂರದ ಪುಣೆಗೆ. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆಯಿತು. ಅದೇ ಸ್ಟೇಷನ್ನಿನಲ್ಲಿ ಎದುರು ದಿಕ್ಕಿನ ಗಾಡಿಗೂ ಹುಡುಗರು ಕಾಯತೊಡಗಿದರು.

ಆ ಹಳಿಯನ್ನೂ ಕಾಲೇಜಿನ ಕಟ್ಟಡವನ್ನೂ ಕಟ್ಟಿಸಿದ್ದು ಒಂದೇ ಕಂಪನಿ. 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಕಂಪನಿ ತನ್ನ ಮುಖ್ಯ ಕಚೇರಿಯನ್ನು ಧಾರವಾಡದಲ್ಲಿ ಕಟ್ಟಿಸಿತ್ತು. 1908ರಲ್ಲಿ ಅದು ಮದ್ರಾಸ್ ರೈಲ್ವೆಯೊಡನೆ ಕೂಡಿತು, ಕಚೇರಿ ಮದ್ರಾಸಿಗೆ ಹೋಯಿತು. ಇತ್ತ ಕನ್ನಡ ಜಿಲ್ಲೆಗಳಿಗೊಂದು ಕಾಲೇಜು ಬೇಕೆಂದು ರೊದ್ದ ಶ್ರೀನಿವಾಸರಾಯರು, ಅರಟಾಳ ರುದ್ರಗೌಡರು ಊರೂರಿನ ಹಣ ಕೂಡಿಸುತ್ತಿದ್ದರು. ತೆರವಾದ ಕಚೇರಿ ಕಾಲೇಜಿಗೆ ಒದಗಿತು.

ಕಚೇರಿಯೆಂದು ಕಟ್ಟಿದ್ದು ಪಾಠಕ್ಕೆ ಇಷ್ಟು ಒಗ್ಗಿದ್ದು ಹೇಗೆ? ನನ್ನ ಮಟ್ಟಿಗೆ ಅದರ ಗುಟ್ಟೆಲ್ಲ ಪಡಸಾಲೆಯಲ್ಲಿದೆ. ಸಾಲು ಕಮಾನುಗಳ ಆ ಉದ್ದನೆಯ ಪಡಸಾಲೆ ಬಿಸಿಲನ್ನೂ ಧಾರವಾಡದ ಜಿಟಿಜಿಟಿ ಮಳೆಯನ್ನೂ ಹೊರಗೇ ತಡೆಯುತ್ತದೆ. ಒಳಗಿನ ಕೋಣೆಗೆ ಬರುವುದು ತಂಪು ಗಾಳಿ, ಕಣ್ಣಿಗೆ ಚುಚ್ಚದ ಬೆಳಕು. ಗುಮಾಸ್ತನ ಲೆಕ್ಕದ ಪುಸ್ತಕಕ್ಕೆ ಬೇಕಾಗಿದ್ದೂ ಅದೇ, ವಿದ್ಯಾರ್ಥಿಗೆ ಬೇಕಾದದ್ದೂ ಅದೇ. ಚಾವಣಿಯೂ ಮಳೆಗೆ ತಕ್ಕಂತೆ: ನಮ್ಮ ಎರೆಭೂಮಿಯ ಊರುಗಳಲ್ಲಿ ಮಣ್ಣಿನ ಮಾಳಿಗೆ ಸಾಕು. ಮಲೆನಾಡಿನ ಸೆರಗಿನ ಧಾರವಾಡಕ್ಕೆ ಇಳಿಜಾರು ಹಂಚೇ ಬೇಕು.

ಒಂದು ಮಳೆಗಾಲದ ಮಧ್ಯಾಹ್ನ ಅಲ್ಲಿ ಕಮಾನಿನ ಬುಡಕ್ಕೆ ಅಂಗೈ ಒತ್ತಿ ನಿಂತಿದ್ದೆ. ಹೊರಗೆ ಸೂರಿನಿಂದ ನೀರು ಧಾರೆಯಾಗಿ ಬೀಳುತ್ತಿತ್ತು, ಕೈಯಡಿಯ ಕಲ್ಲು ಮಾತ್ರ ಒಣಗಿತ್ತು. ಗಿರೀಶ ಕಾರ್ನಾಡರು ಗಣಿತ ಓದಿದ್ದು, ವಿ.ಕೃ. ಗೋಕಾಕರು ಪ್ರಿನ್ಸಿಪಾಲರಾಗಿದ್ದುದು ಈ ಕಾಲೇಜಿನಲ್ಲೇ ಎಂಬುದು ಆಮೇಲೆ ನೆನಪಾಯಿತು. ಮೊದಲು ಮನಸ್ಸು ತುಂಬಿದ್ದು ಕಲ್ಲುಕುಟಿಗರ ಕೈ. ಕಮಾನಿನ ಒಂದೊಂದು ಕಲ್ಲೂ ಪಕ್ಕದ್ದಕ್ಕೆ ಭಾರ ದಾಟಿಸಿ ನೆಲಕ್ಕೆ ಇಳಿಸುತ್ತದೆ. ಒಂದು ಸಡಿಲಾದರೆ ಎರಡೂ ಬದಿ ನಡುಗುತ್ತವೆ.

ಹಾಗಾಗಿ ಈ ಕಟ್ಟಡದ ರಿಪೇರಿ ಮಾಡಿಸುವವರಲ್ಲಿ ನನ್ನದೊಂದು ಕೇಳಿಕೆ. ಆ ಕಾಲದ ಗೋಡೆಗಳು ಸುಣ್ಣದ ಗಚ್ಚಿನವು. ಒಳಸೇರಿದ ಹಸಿಯನ್ನು ತಾವೇ ಹೊರಹಾಕುತ್ತವೆ. ಮೇಲೆ ಸಿಮೆಂಟಿನ ಗಿಲಾವು ಬಳಿದರೆ ಹಸಿ ಒಳಗೇ ಉಳಿದು ಕಲ್ಲನ್ನೂ ಗಚ್ಚನ್ನೂ ತಿನ್ನುತ್ತದೆ. ಸುಣ್ಣ ಅರೆಯಬಲ್ಲ ಗೌಂಡಿಗಳು ನಮ್ಮ ಕಡೆ ಇನ್ನೂ ಇದ್ದಾರೆ, ಅವರನ್ನು ಕರೆಸಿ.