ಕೊಟ್ಟ ಮಾತು, ಕೊಂಡ ಕಂಪನಿ

2014ರ ಮೊದಲ ಮೂರು ತಿಂಗಳಲ್ಲಿ ಫೇಸ್‌ಬುಕ್, ಜಾತ್ರೆಗೆ ಬಂದ ಹೊಸ ಶ್ರೀಮಂತನ ಹಾಗೆ ಕಂಡಕಂಡದ್ದಕ್ಕೆ ಕೈಹಾಕಿತ್ತು. ಜನವರಿಯಲ್ಲಿ ಬೆಂಗಳೂರಿನ ಲಿಟಲ್ ಐ ಲ್ಯಾಬ್ಸ್, ಫೆಬ್ರವರಿಯಲ್ಲಿ 1,900 ಕೋಟಿ ಡಾಲರಿಗೆ ವಾಟ್ಸ್‌ಆ್ಯಪ್, ಮಾರ್ಚ್ 25ರಂದು 200 ಕೋಟಿ ಡಾಲರಿಗೆ ಆಕ್ಯುಲಸ್ ವಿಆರ್. ಮೊದಲನೆಯದು ಫೇಸ್‌ಬುಕ್ ಭಾರತದಲ್ಲಿ ಕೊಂಡ ಮೊಟ್ಟಮೊದಲ ಕಂಪನಿ. ಎರಡನೆಯದು ಈಗ ಹಾಲಿನವನ ಲೆಕ್ಕದಿಂದ ಮದುವೆಯ ಕರೆಯೋಲೆಯ ತನಕ ಎಲ್ಲವನ್ನೂ ನುಂಗಿ ಕೂತಿದೆ. ಮೂರನೆಯದು ಮಾಡುತ್ತಿದ್ದದ್ದು ತಲೆಗೆ ಕಟ್ಟಿಕೊಂಡು ಇನ್ನೊಂದು ಲೋಕ ನೋಡುವ ವರ್ಚುಯಲ್ ರಿಯಾಲಿಟಿ ಹೆಡ್‌ಸೆಟ್ಟನ್ನು. ಹನ್ನೊಂದು ವರ್ಷ ದಾಟಿದ ಮೇಲೆ ಆ ಮೂರನೆಯ ವ್ಯಾಪಾರದ ಬೆಲೆ ಕಟ್ಟಲು ಈಗ ಸಾಕಷ್ಟು ಸಾಮಗ್ರಿ ಇದೆ.

ಕೊಂಡ ದಿನ ಆಕ್ಯುಲಸ್ ಸಾಮಾನ್ಯ ಗ್ರಾಹಕನಿಗೆಂದು ಒಂದು ಯಂತ್ರವನ್ನೂ ಮಾರಿರಲಿಲ್ಲ. ಅದರ ಬಳಿ ಇದ್ದದ್ದು ತಂತ್ರಜ್ಞರಿಗೆಂದು ಮಾಡಿದ ಮಾದರಿಗಳು, ಡೂಮ್ ಆಟ ಬರೆದ ಜಾನ್ ಕಾರ್ಮ್ಯಾಕ್‌ರಂಥ ಕೆಲವು ತಲೆಗಳು, ಜತೆಗೆ ಜನರ ನಂಬಿಕೆ. ಆ ನಂಬಿಕೆಗೆ ರಸೀದಿಯೂ ಇತ್ತು. 2012ರಲ್ಲಿ ಆಕ್ಯುಲಸ್ ಸ್ಥಾಪಕ ಪಾಮರ್ ಲಕಿ ಎಂಬ ಯುವಕ, ಜನರಿಂದ ಹಣ ಕೂಡಿಸುವ ಕಿಕ್‌ಸ್ಟಾರ್ಟರ್ ತಾಣದ ಮೂಲಕ ಎರಡೂವರೆ ಲಕ್ಷ ಡಾಲರ್ ಕೇಳಿದ್ದ. 9,522 ಮಂದಿ ಸೇರಿ 24 ಲಕ್ಷಕ್ಕೂ ಹೆಚ್ಚು ಕೊಟ್ಟರು. ಷೇರಿಗಾಗಿ ಅವರು ದುಡ್ಡು ಹಾಕಿರಲಿಲ್ಲ. ಹೀಗೊಂದು ಯಂತ್ರ ಲೋಕಕ್ಕೆ ಬರಲಿ ಎಂದು ಹಾಕಿದ್ದರು. ಎರಡೇ ವರ್ಷದಲ್ಲಿ ಅದು ಜಾಹೀರಾತಿನಿಂದ ಬದುಕುವ ಕಂಪನಿಯ ಪಾಲಾದಾಗ ಅವರಲ್ಲಿ ಅನೇಕರಿಗೆ ಮೈಯುರಿದದ್ದು ಸಹಜ. ಮೈನ್‌ಕ್ರಾಫ್ಟ್ ಆಟ ಕಟ್ಟಿದ ಮಾರ್ಕಸ್ ಪೆರ್ಸನ್ ಕೂಡ ಕಿಕ್‌ಸ್ಟಾರ್ಟರ್‌ಗೆ ಹಣ ಕೊಟ್ಟವರೇ; ಖರೀದಿಯ ಸುದ್ದಿ ಬಂದ ಕೂಡಲೇ ಆಕ್ಯುಲಸ್‌ಗೆ ಆಟ ತರುವ ಮಾತುಕತೆಯನ್ನು ಅವರು ಮುರಿದುಕೊಂಡರು. ನ್ಯಾಯವಾಗಿ ಹೇಳಬೇಕಾದ್ದೂ ಒಂದಿದೆ: 2016ರಲ್ಲಿ 599 ಡಾಲರಿನ ಮೊದಲ ರಿಫ್ಟ್ ಹೆಡ್‌ಸೆಟ್ ಮಾರುಕಟ್ಟೆಗೆ ಬಂದಾಗ, ಕಿಕ್‌ಸ್ಟಾರ್ಟರ್‌ನಲ್ಲಿ ಮಾದರಿ ಯಂತ್ರಕ್ಕೆ ಹಣ ಕೊಟ್ಟಿದ್ದವರಿಗೆ ಆಕ್ಯುಲಸ್ ಅದನ್ನು ಪುಕ್ಕಟೆ ಕಳಿಸಿತು.

ಯಂತ್ರದ ಬಗ್ಗೆ ನನಗೆ ತಕರಾರಿಲ್ಲ. ತಿರುವನಂತಪುರದ ಶ್ರೀಕಾರ್ಯದಲ್ಲಿ, ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಬಾಡಿಗೆಗಿರುವ ಮನೆಯೊಂದರಲ್ಲಿ ಅದೇ ಆಕ್ಯುಲಸ್‌ನ ಕ್ವೆಸ್ಟ್ 2 ಹೆಡ್‌ಸೆಟ್ ಹಾಕಿಕೊಂಡು ನೋಡಿದ್ದೇನೆ. ಕ್ವೆಸ್ಟ್ ಆಗ ಭಾರತದ ಅಂಗಡಿಗಳಲ್ಲಿ ಅಧಿಕೃತವಾಗಿ ಸಿಗುತ್ತಿರಲಿಲ್ಲ. ಕೇರಳದಲ್ಲಿ ಇಂಥ ವಸ್ತು ಬರುವ ಹಳೆಯ ದಾರಿಯಲ್ಲೇ ಬಂದಿತ್ತು, ಗಲ್ಫ್‌ನ ಮಾವನ ಸೂಟ್‌ಕೇಸಿನಲ್ಲಿ. ಅರ್ಧ ಕಿಲೋ ತೂಕ. "ಚೇಟ್ಟಾ, ಕನ್ನಡಕ ತೆಗೀಬೇಡಿ" ಎಂದು ಹುಡುಗ ಒಳಗೆ ಒಂದು ಪ್ಲಾಸ್ಟಿಕ್ ಚೌಕಟ್ಟು ಕೂರಿಸಿಕೊಟ್ಟ. ಹಾಕಿಕೊಂಡ ಕೂಡಲೇ ಕಂಡದ್ದು ಅದೇ ಕೋಣೆ, ಹಳೆಯ ಟಿವಿಯ ಹಾಗೆ ಕಪ್ಪುಬಿಳುಪಿನಲ್ಲಿ, ಕಾಳುಕಾಳಾಗಿ. ಮುಂಭಾಗದ ನಾಲ್ಕು ಕ್ಯಾಮೆರಾಗಳ ಕಣ್ಣಿನಿಂದ ನಾನು ನಿಂತ ಕೋಣೆಯನ್ನೇ ನೋಡುತ್ತಿದ್ದೆ. ಕೈಯ ಕಂಟ್ರೋಲರಿನಿಂದ ನೆಲದ ಮೇಲೆ ಗೆರೆ ಎಳೆಯಬೇಕು: ಟೀಪಾಯಿ ಬಿಟ್ಟು, ಮಂಚದ ಕಾಲು ಬಿಟ್ಟು, ಬಾಗಿಲ ಪಕ್ಕದ ಚಪ್ಪಲಿಗಳನ್ನು ಬಿಟ್ಟು. ಆ ಗೆರೆಯ ಹತ್ತಿರ ಹೋದರೆ ಗಾಳಿಯಲ್ಲಿ ಬಲೆಯೊಂದು ಎದ್ದು ನಿಲ್ಲಿ ಎನ್ನುತ್ತದೆ. ಆಮೇಲೆ ಬೀಟ್ ಸೇಬರ್ ಆಟ, ತಾಳಕ್ಕೆ ಸರಿಯಾಗಿ ಹಾರಿಬರುವ ಘನಗಳನ್ನು ಎರಡು ಕತ್ತಿಗಳಿಂದ ಸೀಳುವುದು. ಎರಡು ಹಾಡು ಮುಗಿಯುವಷ್ಟರಲ್ಲಿ ಮುಖದ ಸುತ್ತ ಕೂರುವ ಕಪ್ಪು ಸ್ಪಂಜು ಬೆವರಿನಿಂದ ತೊಯ್ದಿತ್ತು. ಕ್ಯಾಲಿಫೋರ್ನಿಯಾದಲ್ಲಿ ಇದನ್ನು ವಿನ್ಯಾಸ ಮಾಡಿದವರು ಮೇ ತಿಂಗಳ ತಿರುವನಂತಪುರವನ್ನು ಲೆಕ್ಕಕ್ಕೆ ಇಟ್ಟುಕೊಂಡಂತಿಲ್ಲ. ಆದರೆ ಸುಳ್ಳು ಹೇಳಬಾರದು, ಅದೊಂದು ಅಚ್ಚರಿಯೇ. ತಂತಿಯಿಲ್ಲ, ಪಕ್ಕದಲ್ಲಿ ದುಬಾರಿ ಕಂಪ್ಯೂಟರಿಲ್ಲ. 2020ರಲ್ಲಿ 299 ಡಾಲರಿಗೆ ಇಂಥದ್ದನ್ನು ಕೊಡಲು ನಷ್ಟ ತಿಂದು ಅರಗಿಸಿಕೊಳ್ಳುವ ಹೊಟ್ಟೆ ಬೇಕು. ಅಂಥ ಹೊಟ್ಟೆ ಆಕ್ಯುಲಸ್‌ಗೆ ತನ್ನಷ್ಟಕ್ಕೆ ಇರಲಿಲ್ಲ. ಈ ಮಟ್ಟಿಗೆ ಖರೀದಿ ಗೆದ್ದಿದೆ.

ಸೋತದ್ದು ಬೇರೆ ಕಡೆ. ಖರೀದಿಯ ಗದ್ದಲದಲ್ಲಿ ಲಕಿ ಬಳಕೆದಾರರಿಗೆ ಬಹಿರಂಗವಾಗಿ ಒಂದು ಭರವಸೆ ಕೊಟ್ಟಿದ್ದರು: ರಿಫ್ಟ್ ಬಳಸಬೇಕೆಂದಾಗಲೆಲ್ಲ ಫೇಸ್‌ಬುಕ್ ಖಾತೆಗೆ ಲಾಗಿನ್ ಆಗಬೇಕಾದ ಸ್ಥಿತಿ ಬರುವುದಿಲ್ಲ. 2017ರ ಮಾರ್ಚ್‌ನಲ್ಲಿ ಅವರೇ ಕಂಪನಿಯಿಂದ ಹೊರಗಿದ್ದರು. 2020ರ ಆಗಸ್ಟ್‌ನಲ್ಲಿ ಹೊಸ ನಿಯಮ ಬಂತು: ಅಕ್ಟೋಬರ್‌ನಿಂದ ಹೊಸದಾಗಿ ಸೇರುವವರಿಗೆ ಫೇಸ್‌ಬುಕ್ ಖಾತೆ ಕಡ್ಡಾಯ, ಹಳಬರಿಗೆ 2023ರ ತನಕ ಗಡುವು. ಖಾತೆ ಅಳಿಸಿದರೆ ದುಡ್ಡು ಕೊಟ್ಟು ಕೊಂಡ ಆಟಗಳೂ ಹೋದವು. ಕೊಂಡ ಯಂತ್ರ ನಮ್ಮದೇ, ಆದರೆ ಅದನ್ನು ಹಚ್ಚುವ ಹಕ್ಕು ಇನ್ನೊಬ್ಬರ ಕೈಲಿ. ಜರ್ಮನಿಯ ಸ್ಪರ್ಧಾ ಪ್ರಾಧಿಕಾರ ಇದರ ಮೇಲೆ ವಿಚಾರಣೆ ಹೂಡಿತು. ಆ ದೇಶದಲ್ಲಿ ಕಂಪನಿ ಮಾರಾಟವನ್ನೇ ನಿಲ್ಲಿಸಿಕೊಂಡಿತ್ತು. ಬೈಗುಳ ಸಾಕಷ್ಟು ತಿಂದ ಮೇಲೆ 2022ರ ಆಗಸ್ಟ್‌ನಲ್ಲಿ, ಅಷ್ಟರಲ್ಲಿ ಮೆಟಾ ಎಂದು ಹೆಸರು ಬದಲಿಸಿಕೊಂಡಿದ್ದ ಕಂಪನಿಯ ಪ್ರತ್ಯೇಕ ಮೆಟಾ ಖಾತೆ ಬಂತು. ಬಾಗಿಲ ಹೆಸರು ಬದಲಾಯಿತು, ಬೀಗದ ಕೈ ಅವರ ಬಳಿಯೇ ಉಳಿಯಿತು.

ಇದು ಒಬ್ಬ ಅಧಿಕಾರಿಯ ಎಡವಟ್ಟು ಎಂದುಕೊಂಡರೆ ವಾಟ್ಸ್‌ಆ್ಯಪ್ ಕಡೆ ನೋಡಬೇಕು. ಅದನ್ನು ಕೊಳ್ಳುವಾಗ ಎರಡೂ ಸೇವೆಗಳ ಖಾತೆಗಳನ್ನು ನಂಬುವ ಹಾಗೆ ತಾನಾಗಿ ಜೋಡಿಸುವುದು ತನ್ನಿಂದಾಗದು ಎಂದು ಫೇಸ್‌ಬುಕ್ ಯುರೋಪಿಯನ್ ಆಯೋಗಕ್ಕೆ ಹೇಳಿತ್ತು. 2016ರಲ್ಲಿ ಅದನ್ನೇ ಮಾಡಿತು. ತಪ್ಪು ಮಾಹಿತಿ ಕೊಟ್ಟದ್ದಕ್ಕೆ 2017ರಲ್ಲಿ ಆಯೋಗ 11 ಕೋಟಿ ಯೂರೊ ದಂಡ ಹಾಕಿತು. ನಮ್ಮ ಭಾರತೀಯ ಸ್ಪರ್ಧಾ ಆಯೋಗ 2024ರ ನವೆಂಬರ್‌ನಲ್ಲಿ ವಾಟ್ಸ್‌ಆ್ಯಪ್‌ನ 2021ರ ಗೋಪ್ಯತಾ ನೀತಿಗಾಗಿ ಮೆಟಾಕ್ಕೆ 213.14 ಕೋಟಿ ರೂಪಾಯಿ ದಂಡ ವಿಧಿಸಿತು. ಕೊಳ್ಳುವಾಗ ಒಂದು ಮಾತು, ಕೊಂಡು ಕೆಲವು ವರ್ಷವಾದ ಮೇಲೆ ಇನ್ನೊಂದು. ಎರಡು ಖರೀದಿಗಳಲ್ಲೂ ಕತೆ ಇದೇ.

ಯಾಕೆ ಹೀಗೆ? ಖರೀದಿಯ ದಿನ ಮಾರ್ಕ್ ಝುಕರ್‌ಬರ್ಗ್ ಬಣ್ಣಿಸಿದ್ದು ಬೇರೆಯೇ ಚಿತ್ರ: ಮನೆಯಲ್ಲೇ ಕೂತು ಅಂಗಳದ ಬದಿಯಿಂದ ಪಂದ್ಯ ನೋಡುವುದು, ಜಗತ್ತಿನ ಎಲ್ಲೆಡೆಯ ವಿದ್ಯಾರ್ಥಿಗಳ ಜತೆ ತರಗತಿಯಲ್ಲಿ ಕೂರುವುದು, ವೈದ್ಯರನ್ನು ಮುಖಾಮುಖಿ ಕಾಣುವುದು. 2015ರ ಅವರ ಒಳ ಪತ್ರವೊಂದು ನಂತರ ಹೊರಬಿತ್ತು. ಅದರಲ್ಲಿ ಇದ್ದದ್ದು ಆಪಲ್ ಮತ್ತು ಗೂಗಲ್ ಭಯ. ಫೋನು ಅವರದು, ಆ್ಯಪ್ ಅಂಗಡಿ ಅವರದು; ಫೇಸ್‌ಬುಕ್ ಅಲ್ಲಿ ಬಾಡಿಗೆದಾರ. ಮುಂದಿನ ಯಂತ್ರವಾದರೂ ಸ್ವಂತದ್ದಾಗಿರಬೇಕು ಎಂಬುದು ಅವರ ಹಟ. ಹುಸಿ ಭಯವೂ ಅಲ್ಲ. 2021ರಲ್ಲಿ ಆಪಲ್ ಐಫೋನಿನಲ್ಲಿ ಜಾಹೀರಾತಿನ ಬೆನ್ನುಹತ್ತುವಿಕೆಗೆ ಕಡಿವಾಣ ಹಾಕಿದಾಗ, ಮರುವರ್ಷ ಸುಮಾರು 1,000 ಕೋಟಿ ಡಾಲರ್ ಹೊಡೆತ ಎಂದು ಮೆಟಾವೇ ಅಂದಾಜಿಸಿತು. ಬಾಡಿಗೆದಾರನಾಗಿ ಅಷ್ಟೆಲ್ಲ ನೊಂದವನು ಸ್ವಂತ ಮನೆ ಕಟ್ಟಿದೊಡನೆ ಎಂಥ ಮಾಲೀಕನಾದ ಎಂಬುದು ಮೇಲಿನ ಲಾಗಿನ್ ಕತೆಯಲ್ಲೇ ಇದೆ.

ಆ ಮನೆಯ ಖರ್ಚಂತೂ ತಲೆ ತಿರುಗಿಸುತ್ತದೆ. ಮೆಟಾದಲ್ಲಿ ಹೆಡ್‌ಸೆಟ್ ಮಾಡುವ ರಿಯಾಲಿಟಿ ಲ್ಯಾಬ್ಸ್ ವಿಭಾಗ 2021ರಿಂದ 2024ರ ತನಕ, ನಾಲ್ಕೇ ವರ್ಷದಲ್ಲಿ, 5,700 ಕೋಟಿ ಡಾಲರಿಗೂ ಹೆಚ್ಚು ನಷ್ಟ ತೋರಿಸಿದೆ. ಅದರ ಎದುರು 200 ಕೋಟಿಯ ಖರೀದಿ ಬೆಲೆ ಚಿಲ್ಲರೆ. ಷೇರುದಾರರು ಅಳಲಿ, ಅದು ಅವರ ಪಾಡು. ನನ್ನ ಚಿಂತೆ ಅದಲ್ಲ, ಕೊಂಡ ಸರಕನ್ನು ನೆಚ್ಚಿಕೊಂಡವರದು.

ಲಿಟಲ್ ಐ ಲ್ಯಾಬ್ಸ್‌ಗೆ ಬರೋಣ. ಆಂಡ್ರಾಯ್ಡ್ ಆ್ಯಪ್ ಒಂದು ಎಷ್ಟು ಬ್ಯಾಟರಿ ಕುಡಿಯುತ್ತದೆ, ಎಷ್ಟು ಡೇಟಾ ತಿನ್ನುತ್ತದೆ, ಎಷ್ಟು ಮೆಮೊರಿ ಹಿಡಿಯುತ್ತದೆ ಎಂದು ಅಳೆದು ಹೇಳುವ ಸಾಧನ ಅವರದು. ಅಗ್ಗದ ಫೋನಿನ ದೇಶಕ್ಕೆ ಇದಕ್ಕಿಂತ ಉಪಯೋಗದ ವಸ್ತು ಬೇಕೆ? ಬೆಂಗಳೂರಿನ ಆ ತಂಡ ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕಿಗೆ ಹೋಯಿತು. ಇದ್ದ ಗ್ರಾಹಕರಿಗೆ ಆ ವರ್ಷದ ಜೂನ್ 30ರ ತನಕ ಸಾಧನ ಪುಕ್ಕಟೆ ಎಂದರು, ಅಲ್ಲಿಗೆ ಮುಗಿಯಿತು. ಅದರಿಂದ ತಮ್ಮ ಆ್ಯಪ್ ತೂಗಿನೋಡುತ್ತಿದ್ದ ಬೇರೆ ಕಂಪನಿಗಳ ಹುಡುಗರಿಗೆ ಉಳಿದದ್ದು ಶುಭಾಶಯ ಹೇಳುವ ಭಾಗ್ಯ. ಸ್ಥಾಪಕರಿಗೆ ಒಳ್ಳೆಯದಾಗಿದ್ದರೆ ಸಂತೋಷವೇ. ಆದರೆ "ನಮ್ಮವರನ್ನು ಫೇಸ್‌ಬುಕ್ ಕೊಂಡಿತು" ಎಂದು ಹಿಗ್ಗುವ ನಮ್ಮ ಸುದ್ದಿಬರಹ, ಕೊಂಡ ಮೇಲೆ ಆ ಸರಕು ಏನಾಯಿತು ಎಂದು ಕೇಳುವುದನ್ನು ಇನ್ನೂ ಕಲಿತಿಲ್ಲ.

ಈ ಪ್ರಶ್ನೆಯನ್ನು ತಿರುವನಂತಪುರದಲ್ಲಿ ಕೂತು ಕೇಳುವುದಕ್ಕೆ ಕಾರಣವೂ ಇದೆ. ಸಾಫ್ಟ್‌ವೇರನ್ನು ಬಿಚ್ಚಿ ತಿದ್ದುವ ಹಕ್ಕು ಬಳಸುವವರದೇ ಎನ್ನುವ ಭಾರತದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ 2001ರ ಜುಲೈನಲ್ಲಿ ಶುರುವಾದದ್ದು ಈ ಊರಿನಲ್ಲಿ, ಆ ಚಳವಳಿ ಹುಟ್ಟುಹಾಕಿದ ರಿಚರ್ಡ್ ಸ್ಟಾಲ್‌ಮನ್ ಸಮ್ಮುಖದಲ್ಲಿ. ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ಕಂಪ್ಯೂಟರ್ ಕಲಿಯುವುದು ಅಂಥದ್ದೇ ಲಿನಕ್ಸ್ ಮೇಲೆ. ಹಾಗೆ ಕಲಿತ ಹುಡುಗರೇ ಟೆಕ್ನೋಪಾರ್ಕಿನ ಪಕ್ಕದ ಬಾಡಿಗೆ ಮನೆಗಳಲ್ಲಿ ಇಂದು ಗಲ್ಫ್‌ನಿಂದ ಬಂದ ಹೆಡ್‌ಸೆಟ್ಟಿಗೆ ತಲೆಕೊಡುತ್ತಿದ್ದಾರೆ. ಬಿಚ್ಚಿ ನೋಡುವ, ತಿದ್ದುವ, ತಮ್ಮದೇ ವ್ಯವಸ್ಥೆ ಹಾಕುವ ಅವಕಾಶ ಅದರಲ್ಲಿಲ್ಲ. ಆಕ್ಯುಲಸ್ ತನ್ನ ಮೊದಲ ಮಾದರಿಯ ನಕ್ಷೆಗಳನ್ನೂ ಫರ್ಮ್‌ವೇರನ್ನೂ ಖರೀದಿಯ ವರ್ಷವೇ, 2014ರ ಸೆಪ್ಟೆಂಬರ್‌ನಲ್ಲಿ, ಎಲ್ಲರಿಗೂ ತೆರೆದಿಟ್ಟಿತ್ತು ಎನ್ನುವುದು ಈಗ ಕಟ್ಟುಕತೆಯಂತೆ ಕೇಳುತ್ತದೆ.

ಲಕಿ 2017ರಲ್ಲಿ ಆಂಡುರಿಲ್ ಎಂಬ ಶಸ್ತ್ರಾಸ್ತ್ರ ಕಂಪನಿ ಕಟ್ಟಿದರು. 2025ರ ಮೇ ತಿಂಗಳಲ್ಲಿ ಅದೇ ಮೆಟಾ ಜತೆ ಸೇರಿ ಅಮೆರಿಕದ ಸೈನಿಕರಿಗೆ ಹೆಡ್‌ಸೆಟ್ ಮಾಡುವುದಾಗಿ ಪ್ರಕಟಿಸಿದರು. 9,522 ಮಂದಿ ದುಡ್ಡು ಹಾಕಿದ್ದು ಆಟವಾಡಲು.

ಆದರೂ ಈ ಕತೆಯಲ್ಲಿ ಒಂದು ಒಳ್ಳೆಯ ನಡೆ ಇದೆ, ಅದನ್ನು ಯಾರೂ ಎತ್ತಿ ಹೇಳುವುದಿಲ್ಲ. ಮಾರಾಟ ನಿಂತಿದ್ದ ಆಕ್ಯುಲಸ್ ಗೋ ಹೆಡ್‌ಸೆಟ್ಟಿನ ಬೀಗವನ್ನು ಕಂಪನಿ 2021ರ ಅಕ್ಟೋಬರ್‌ನಲ್ಲಿ ಬಿಚ್ಚಿಕೊಟ್ಟಿತು. ಅದರ ವ್ಯವಸ್ಥೆಯ ಒಳಗೆ ಯಾರು ಬೇಕಾದರೂ ಇಳಿದು ತಿದ್ದಬಹುದಾಯಿತು. ವರ್ಷಗಟ್ಟಲೆ ಇದಕ್ಕಾಗಿ ಒಳಗೇ ಹಟ ಹಿಡಿದವರು ಕಾರ್ಮ್ಯಾಕ್. ಮರುವರ್ಷದ ಡಿಸೆಂಬರ್‌ನಲ್ಲಿ ಅವರೂ ಹೊರನಡೆದರು. 2019ರ ಮೊದಲ ಕ್ವೆಸ್ಟ್‌ಗೆ ಹೊಸ ಸೌಲಭ್ಯಗಳು ನಿಲ್ಲುತ್ತವೆ ಎಂದು ಕಂಪನಿ 2023ರ ಆರಂಭದಲ್ಲೇ ತಿಳಿಸಿತು. ಗೋಗೆ ಸಿಕ್ಕ ಬಿಡುಗಡೆ ಬೆಂಬಲ ಮುಗಿದ ಪ್ರತಿ ಕ್ವೆಸ್ಟ್‌ಗೂ ಸಿಗಬೇಕು, ಕಂಪನಿ ಮನಸ್ಸು ಮಾಡದಿದ್ದರೆ ಕಾನೂನು ಮಾಡಿಸಬೇಕು. ಅಲ್ಲಿಯ ತನಕ, ಗಲ್ಫ್‌ನಿಂದ ಬರುವ ಮಾವನಿಗೆ ಹೆಡ್‌ಸೆಟ್ ತರಲು ಹೇಳುವವರು ಮೊದಲು ಆ ಮಾದರಿಗೆ ಬೆಂಬಲ ಯಾವಾಗಿನ ತನಕ ಎಂದು ವಿಚಾರಿಸಿಕೊಳ್ಳಿ.